ಲೋಕಣ್ಣನ ಒಂದು ದಿನದ ಕಾರ್ಖಾನೆ

ನಮ್ಮ ಕಡೆ ಒಬ್ಬ ಮನುಷ್ಯನ ಹೆಗಲ ಮೇಲೆ ಶಾಲು ಬಿದ್ದರೆ ಅದನ್ನು ವಾಪಸು ತೆಗೆಯುವ ಕ್ರಮ ಇಲ್ಲ. ತಪ್ಪಿ ಬಿದ್ದರೂ ಅಷ್ಟೇ. ನಿಶ್ಚಯವಾದ ಮದುವೆ ಮುರಿಯಬಹುದು, ಪಂಚಾಯತಿನ ಅಧ್ಯಕ್ಷನನ್ನು ಇಳಿಸಬಹುದು, ಹಾಕಿದ ಶಾಲು ಮಾತ್ರ ಹಾಕಿದ್ದೇ. ಈ ಒಂದು ಕ್ರಮದಿಂದಾಗಿ ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಬೆಳ್ತಂಗಡಿಯಲ್ಲಿ ಒಂದು ಕಾರ್ಖಾನೆ ಹುಟ್ಟಿತು. ಬೆಳಿಗ್ಗೆ ಹುಟ್ಟಿ ಮಧ್ಯಾಹ್ನದ ಊಟಕ್ಕೆ ಮೊದಲೇ ತೀರಿಕೊಂಡಿತು. ಹುಟ್ಟು ಸಾವು ಎರಡನ್ನೂ ನಾನು ಎದುರಿನ ಟೈಲರ್ ಅಂಗಡಿಯ ಒಳಗೆ ಕೂತು ನೋಡಿದ್ದೇನೆ.

ಟೈಲರ್ ಅಂಗಡಿ ನನ್ನ ಮಾಮ ಶರೀಫರದು. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಅಲ್ಲಿ ಹುಕ್ಕು, ಗುಂಡಿ, ಸೀರೆಯ ಫಾಲು ಹೊಲಿಯುತ್ತಿದ್ದೆ. ಎದುರಿನದು ಲೋಕಣ್ಣನ ಅಂಗಡಿ. ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವುದು, ನಿಂತ ಫ್ಯಾನು ತಿರುಗಿಸುವುದು ಅವರ ಕೆಲಸ. ಅಂಗಡಿ ಎಷ್ಟು ವಿಶಾಲವೆಂದರೆ, ಅವರು ಒಳಗೆ ಕೂತು ಸ್ಕ್ರೂ ತಿರುಗಿಸುವಾಗ ಮೊಣಕೈ ರಸ್ತೆಗೆ ಬರುತ್ತಿತ್ತು. ಸೈಕಲಿನಲ್ಲಿ ಹೋಗುವವರು ಆ ಮೊಣಕೈಗೆ ಬೆಲ್ ಹೊಡೆದು ಹೋಗುತ್ತಿದ್ದರು.

ಆ ವರ್ಷ ಇಲಾಖೆಯಿಂದ ಒಂದು ಹೊಸ ಯೋಚನೆ ಬಂದಿತ್ತು. ಕೆಲಸ ಕಲಿಯುವ ಕೋರ್ಸಿನ ಮಕ್ಕಳು ಬರೀ ಪುಸ್ತಕ ಓದಬಾರದು, ಆಯಾ ಊರಿನ ಉದ್ಯಮಿಗಳೇ ಅವರನ್ನು ಕರೆದು ಕೆಲಸ ಕಲಿಸಬೇಕು, ಕಾಲೇಜೂ ಕಾರ್ಖಾನೆಯೂ ಕೈಜೋಡಿಸಬೇಕು ಎಂದು. ಬಂಟ್ವಾಳದವರಿಗೆ ಒಂದು ಹಂಚಿನ ಕಾರ್ಖಾನೆ ಸಿಕ್ಕಿತು. ಮೂಡುಬಿದಿರೆಯವರಿಗೆ ಗೇರುಬೀಜದ ಕಾರ್ಖಾನೆ ಸಿಕ್ಕಿತು. ನಮ್ಮ ಕಾಲೇಜಿನ ಎಲೆಕ್ಟ್ರಿಕಲ್ ಕೋರ್ಸಿಗೆ ಯಾರೂ ಸಿಗಲಿಲ್ಲ. ಕೊನೆಗೆ ದೊಡ್ಡ ಮರದ ಮಿಲ್ಲಿನ ಧನಿಗಳೊಬ್ಬರು ಒಪ್ಪಿದರು. ಕಾಲೇಜಿನಲ್ಲಿ ಸಭೆ ಇಟ್ಟು, ವೇದಿಕೆ ಹಾಕಿ, ಶಾಲು ತಂದು, ಪತ್ರಿಕೆಯವರನ್ನು ಕರೆದರು.

ಸಭೆಯ ದಿನ ವೇದಿಕೆಯ ಫ್ಯಾನು ನಿಂತಿತು. ಲೋಕಣ್ಣನಿಗೆ ಫೋನು ಹೋಯಿತು. ಅವರು ಏಣಿ ಹತ್ತಿ ಫ್ಯಾನು ಸರಿ ಮಾಡಿ, ಅದು ನಿಜವಾಗಿ ತಿರುಗುತ್ತದೋ ಎಂದು ಪರೀಕ್ಷಿಸಲು ಅದರ ಅಡಿಯಲ್ಲಿದ್ದ ಕುರ್ಚಿಯಲ್ಲಿ ಕೂತರು. ಗಾಳಿ ಒಳ್ಳೆಯದಿತ್ತು. ಎಷ್ಟು ಒಳ್ಳೆಯದೆಂದರೆ ಅವರಿಗೆ ಕಣ್ಣು ಹತ್ತಿತು. ಕಣ್ಣು ಬಿಡುವಾಗ ಪ್ರಾರ್ಥನೆ ಮುಗಿದು ಸ್ವಾಗತ ಭಾಷಣ ನಡೆಯುತ್ತಿತ್ತು. ಎದ್ದು ಹೋಗುವುದಕ್ಕೆ ನಾಚಿಕೆ. ಮಿಲ್ಲಿನ ಧನಿಗಳು ಬಂದಿರಲಿಲ್ಲ. ನಿರೂಪಣೆ ಮಾಡುವ ಉಪನ್ಯಾಸಕರು ಕೈಯಲ್ಲಿದ್ದುದನ್ನು ತಲೆ ಎತ್ತದೆ ಓದಿದರು. “ಈಗ ನಮ್ಮ ಊರಿನ ಹೆಮ್ಮೆಯ ಉದ್ಯಮಿಗೆ ಸನ್ಮಾನ.” ಇಬ್ಬರು ಹುಡುಗಿಯರು ತಟ್ಟೆ ಹಿಡಿದು ಬಂದರು. ಆ ಕುರ್ಚಿಯಲ್ಲಿ ಒಬ್ಬ ಮನುಷ್ಯ ಇದ್ದ. ಅವನಿಗೆ ಒಂದು ಜೊತೆ ಹೆಗಲು ಇತ್ತು. ಪ್ರಿನ್ಸಿಪಾಲರು ಶಾಲು ಹೊದಿಸಿದ ಮೇಲೆಯೇ ಮುಖ ನೋಡಿದ್ದು.

“ಲೋಕನಾಥ, ನೀನಾ?” ಎಂದು ಹಲ್ಲು ಕಚ್ಚಿ ಕೇಳಿದರಂತೆ.

“ಹೌದು ಸರ್. ಫ್ಯಾನು ಸರಿಯಾಯ್ತು.”

“ನಗು. ಫೋಟೋ ತೆಗೀತಾ ಇದ್ದಾರೆ.”

ಮಾರನೆಯ ದಿನ ಪತ್ರಿಕೆಯಲ್ಲಿ ಬಂತು. ಯುವ ಉದ್ಯಮಿ ಲೋಕನಾಥ ಆರು ಮಂದಿ ವಿದ್ಯಾರ್ಥಿಗಳಿಗೆ ತರಬೇತಿ ನೀಡಲು ಮುಂದಾಗಿದ್ದಾರೆ ಎಂದು. ಲೋಕಣ್ಣನಿಗೆ ನಲವತ್ತೇಳು ದಾಟಿತ್ತು. ಪತ್ರಿಕೆ ಓದಿದ ಅವರ ಹೆಂಡತಿ ಕಾಂತಿಯಕ್ಕ ಮಾತಾಡದೆ ಮೀನಿನ ಚೀಲ ತಂದು ಮುಂದೆ ಇಟ್ಟರು.

“ಯುವ ಉದ್ಯಮಿಗಳೇ, ಬಂಗುಡೆ ತರ್ಲಿಕ್ಕೆ ಹೋಗ್ತೀರಾ? ಅಲ್ಲ, ಅದಕ್ಕೂ ತಟ್ಟೆ ಹಿಡ್ಕೊಂಡು ಇಬ್ಬರು ಹುಡುಗಿಯರು ಬರ್ಬೇಕಾ?”

ಆರು ಮಕ್ಕಳು ಬಂದೇಬಿಟ್ಟರು. ಇಬ್ಬರು ಒಳಗೆ ಹಿಡಿದರು, ನಾಲ್ವರು ನಮ್ಮ ಅಂಗಡಿಯ ಹಂಚಿನ ಮಾಡಿನ ಅಡಿಯಲ್ಲಿ ಕೂತು ತಂತಿ ಸುತ್ತಿದರು. ಆ ಆರರಲ್ಲಿ ಹುಡುಗಿ ಒಬ್ಬಳೇ. ಅವಳು ನನ್ನ ಮಾಮನ ಮಗಳು ಆಫ್ರಾ. ಅವಳನ್ನು ಕೋರ್ಸಿಗೆ ಸೇರಿಸುವಾಗ ನಮ್ಮ ಅಜ್ಜಿ ಬೀಫಾತುಮ್ಮ ದೊಡ್ಡ ಗಲಾಟೆ ಮಾಡಿದ್ದರು. ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ಹುಡುಗನ ಕಡೆಯವರು ಕೇಳಿ ಕಳಿಸಿದ್ದರು. ತರಬೇತಿ ಅಪ್ಪನ ಅಂಗಡಿಯ ಎದುರಿಗೇ, ಅಪ್ಪನ ಕಣ್ಣೆದುರಿಗೇ ಎಂದು ಗೊತ್ತಾದ ಮೇಲೆ ಅಜ್ಜಿ ಇಳಿದು ಬಂದರು.

“ಕೋರ್ಸು ಇರುವಷ್ಟು ದಿನ ಓದ್ಲಿ,” ಎಂದರು. “ಕೋರ್ಸು ನಿಂತ ದಿನ ನಾನು ಮಸ್ಕತ್ತಿನವರಿಗೆ ಹೂಂ ಅಂತ ಹೇಳುವವಳು. ಆಮೇಲೆ ನನ್ನ ಹತ್ರ ಯಾರೂ ಅಳ್ಬಾರ್ದು.”

ಆಫ್ರಾ ಅಳುವ ಜಾತಿಯವಳಲ್ಲ. ಅವಳು ಸ್ಕ್ರೂ ಡ್ರೈವರನ್ನು ತಲೆಬಟ್ಟೆಗೆ ಪಿನ್ನಿನ ಹಾಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅವಳು ಬಂದು ಮೂರು ತಿಂಗಳಿಗೆ ನಮ್ಮ ಸಾಲಿನ ಯಾವ ಅಂಗಡಿಯಲ್ಲೂ ಮುಚ್ಚಳ ಬಿಚ್ಚದ ಯಂತ್ರ ಉಳಿದಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಪ್ರಿನ್ಸಿಪಾಲರು ಬೆವರು ಒರೆಸಿಕೊಳ್ಳುತ್ತಾ ಬಂದರು.

“ಲೋಕನಾಥ, ಶುಕ್ರವಾರ ಮಂಗಳೂರಿನಿಂದ ಇಲಾಖೆಯವರು ಬರ್ತಾರೆ. ಉದ್ಯಮ ಹೇಗುಂಟು, ನೋಡ್ಲಿಕ್ಕೆ.”

“ಯಾವ ಉದ್ಯಮ ಸರ್?”

“ನಿನ್ನದು ಮಾರಾಯ! ಕೆಲಸದವರು ಇರ್ಬೇಕು, ಮಕ್ಕಳಿಗೆ ಜಾಗ ಇರ್ಬೇಕು, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಎಲ್ಲ ಉಂಟಾ ಅಂತ ನೋಡ್ತಾರೆ. ಇಲ್ಲದಿದ್ರೆ ಕೋರ್ಸು ಬಂದ್. ಆರು ಮಕ್ಕಳೂ ಮನೆಗೆ.”

ಐದು ಮಕ್ಕಳು ತಂತಿ ಸುತ್ತುವುದನ್ನು ನಿಲ್ಲಿಸಿದರು. ಆಫ್ರಾ ಮಾತ್ರ ಇನ್ನೂ ವೇಗವಾಗಿ ಸುತ್ತಿದಳು.

ಪ್ರಿನ್ಸಿಪಾಲರು ಹೋದ ಮೇಲೆ ಲೋಕಣ್ಣ ಅರ್ಧ ಗಂಟೆ ಮೋಟಾರಿನ ಮೇಲೆ ಕೂತರು. ಆಮೇಲೆ ರಸ್ತೆ ದಾಟಿ ಬಂದು ಮಾಮನ ಕೈ ಹಿಡಿದರು.

“ಶರೀಫಾಕ, ನನಗೆ ಒಂದು ದಿನಕ್ಕೆ ನಿಮ್ಮ ಅಂಗಡಿ ಬೇಕು.”

“ಅಂಗಡಿ ಎಲ್ಲಿಗೆ ಕೊಂಡೋಗ್ತೀರಿ ಲೋಕಣ್ಣ?”

“ಎಲ್ಲಿಗೂ ಇಲ್ಲ. ಇದ್ದಲ್ಲೇ ಇರ್ಲಿ. ಶುಕ್ರವಾರ ಅದು ನನ್ನ ಕಾರ್ಖಾನೆಯ ಇನ್ಸುಲೇಶನ್ ವಿಭಾಗ. ಮೋಟಾರಿಗೆ ಬಟ್ಟೆಯ ಪಟ್ಟಿ ಸುತ್ತುದಿಲ್ವಾ, ಅದು.”

ಮಾಮ ಮಗಳ ಕಡೆ ನೋಡಿದರು. “ಆಯ್ತು,” ಎಂದರು.

ಹೀಗೆ ಶುರುವಾದದ್ದು ಸಾಲಿನ ಉದ್ದಕ್ಕೂ ಹೋಯಿತು. ಉಸ್ಮಾನಾಕನ ಚಾದ ಹೋಟೆಲು ಕಾರ್ಮಿಕರ ಕ್ಯಾಂಟೀನ್ ಆಯಿತು. ಕಷಾಯದ ಪುಡಿ, ತೈಲ ಮಾರುವ ಪದ್ಮಯ್ಯನವರ ಅಂಗಡಿ ಪ್ರಥಮ ಚಿಕಿತ್ಸಾ ವಿಭಾಗವಾಯಿತು. ಪದ್ಮಯ್ಯನವರು ಮಾತ್ರ ಒಂದು ಷರತ್ತು ಹಾಕಿದರು.

“ನಾನು ಜನರಲ್ ಮೆನೇಜರ್ ಆದ್ರೆ ಮಾತ್ರ ಬರ್ತೇನೆ.”

“ಪದ್ಮಯ್ಯಣ್ಣ, ನೀವು ತೈಲ ಹಚ್ಚುವವರಲ್ವಾ?”

“ತೈಲ ಹಚ್ಚುವ ಜನರಲ್ ಮೆನೇಜರ್. ಎಂತ, ಆಗುದಿಲ್ವಾ?”

ಆಯಿತು. ನಮ್ಮ ಮಾಮ ಹಳೆಯ ಬಿಳಿ ಬೆಡ್‌ಶೀಟಿನ ಮೇಲೆ ಉಳಿದ ಕೆಂಪು ಲಂಗದ ಬಟ್ಟೆಯಿಂದ ಅಕ್ಷರ ಕತ್ತರಿಸಿದರು, ನಾನು ಹೊಲಿದೆ. ‘ಲೋಕನಾಥ ಇಂಡಸ್ಟ್ರೀಸ್’. ಅದನ್ನು ಲೈಟಿನ ಕಂಬದಿಂದ ತೆಂಗಿನ ಮರಕ್ಕೆ ಕಟ್ಟಿದಾಗ ಎದುರಿನ ಸಾಲಿನ ನಾಲ್ಕು ಅಂಗಡಿಗಳನ್ನು ಮುಚ್ಚುವಷ್ಟು ಉದ್ದವಿತ್ತು. ನಾಲ್ಕನೆಯದು ಯಾವುದಕ್ಕೂ ಸಂಬಂಧವಿಲ್ಲದ ಕ್ಷೌರದ ಅಂಗಡಿ. ಅಂದು ಕ್ಷೌರಕ್ಕೆ ಬಂದವರೆಲ್ಲ ಒಂದು ಕ್ಷಣ ಹೊರಗೆ ನಿಂತು, ಕಾರ್ಖಾನೆಯ ಒಳಗೆ ಗಡ್ಡ ತೆಗೆಯುತ್ತಾರಾ ಎಂದು ಯೋಚಿಸಿ ಮುಂದೆ ಹೋದರು.

ಗುರುವಾರ ಸಂಜೆ ಅಭ್ಯಾಸ. ಕಾಂತಿಯಕ್ಕ ಅಜ್ಜಿಯ ಕನ್ನಡಕ ಹಾಕಿಕೊಂಡು ಇಲಾಖೆಯವರಾದರು.

“ನಿಮ್ಮ ಕಾರ್ಖಾನೆಯ ಹೆಸರೆಂತ?”

ಲೋಕಣ್ಣ ಮೇಲೆ ನೋಡಿದರು, ಬ್ಯಾನರು ಓದಿದರು. “ಲೋಕನಾಥ ಇಂಡಸ್ಟ್ರೀಸ್.”

“ನೋಡಿ ಹೇಳ್ಬಾರ್ದು! ಎಷ್ಟು ಜನ ಕೆಲಸಕ್ಕೆ ಉಂಟು?”

“ನಾನು, ಮತ್ತೆ...” ಲೋಕಣ್ಣ ಬೆರಳು ಮಡಚಿದರು. “ಮತ್ತೆ ನಾನು.”

“ದೇವರೇ! ನಾಳೆ ಇವರು ಬಾಯಿ ತೆರೆದ್ರೆ ಯಾರಾದ್ರೂ ಒಂದು ಬನ್ಸ್ ತುರುಕಿ,” ಎಂದರು ಕಾಂತಿಯಕ್ಕ.

“ಇಲಾಖೆಯವರು ಅಂತ ಗೊತ್ತಾಗುದು ಹೇಗೆ?” ಎಂದು ಉಸ್ಮಾನಾಕ ಕೇಳಿದರು. ಇದು ಒಳ್ಳೆಯ ಪ್ರಶ್ನೆ. ಪದ್ಮಯ್ಯನವರು ಜನರಲ್ ಮೆನೇಜರಿನ ಗಾಂಭೀರ್ಯದಿಂದ ಉತ್ತರ ಕೊಟ್ಟರು.

“ಇಲಾಖೆ ಅಂದ್ರೆ ಜೀಪು. ಬಿಳಿ ಅಂಗಿ. ಚರ್ಮದ ಬ್ಯಾಗು. ಇಳಿದ ಕೂಡಲೇ ಜೋರು ಮಾಡುದು. ಇಷ್ಟಿದ್ರೆ ಇಲಾಖೆ.”

ಶುಕ್ರವಾರ ಬೆಳಿಗ್ಗೆ ಎಲ್ಲರೂ ಅವರವರ ವಿಭಾಗದಲ್ಲಿ ನಿಂತರು. ಮಾಮ ಕುತ್ತಿಗೆಗೆ ಟೇಪು ಹಾಕಿಕೊಂಡು ಒಂದು ಮೋಟಾರಿನ ಸೊಂಟದ ಅಳತೆ ತೆಗೆಯುತ್ತಾ ರಸ್ತೆಯಲ್ಲೇ ಇದ್ದರು. ಅಜ್ಜಿಯೂ ಬಂದು ಕ್ಯಾಂಟೀನಿನ ಬೆಂಚಿನಲ್ಲಿ ಕೂತರು. ಕೋರ್ಸು ನಿಲ್ಲುವುದಾದರೆ ಸ್ವಂತ ಕಣ್ಣಿಂದ ನೋಡಬೇಕಲ್ಲ. ಅಂಗಡಿಯೊಳಗೆ ನಾನೊಬ್ಬಳೇ. ಗಿರಾಕಿ ಬಂದರೆ ಇವತ್ತು ಇಲ್ಲ ಎಂದು ಹೇಳಬೇಕೆಂದು ಮಾಮ ಹೇಳಿದ್ದರು. ನಾನು ಪ್ರಿನ್ಸಿಪಾಲರ ಮನೆಯ ಬಾಗಿಲ ಪರದೆಗೆ ಉಂಗುರ ಹೊಲಿಯುತ್ತಾ ಕೂತೆ. ಹಸಿರು ಬಣ್ಣದ್ದು, ಅಂಚಿಗೆ ಜರಿಯ ಹಾಗೆ ಹೊಳೆಯುವ ಪಟ್ಟಿ. ಅವರ ಹೆಂಡತಿ ಬಟ್ಟೆಯನ್ನು ಮಂಗಳೂರಿನಿಂದಲೇ ತರಿಸಿದ್ದರು.

ಬಸ್ಸು ಬಂದು ಹೋದ ಸ್ವಲ್ಪ ಹೊತ್ತಿಗೆ ಹೆಂಗಸೊಬ್ಬರು ಒಳಗೆ ಬಂದರು. ಐವತ್ತರ ಹತ್ತಿರದವರು, ಹತ್ತಿಯ ಸೀರೆ, ಹೆಗಲಿಗೆ ಬಟ್ಟೆಯ ಚೀಲ. ಬಸ್ಸಿನ ಮೆಟ್ಟಿಲಿಗೆ ಸಿಕ್ಕಿ ಸೀರೆಯ ಫಾಲು ಮೊಣಕಾಲಿನವರೆಗೆ ಕಿತ್ತು ಹೋಗಿತ್ತು.

“ಸ್ವಲ್ಪ ಹೊಲಿದು ಕೊಡ್ತೀಯಾ ಮಗಾ? ಹೀಗೆ ರಸ್ತೆಯಲ್ಲಿ ನಡಿಲಿಕ್ಕಾಗುದಿಲ್ಲ.”

ಇವತ್ತು ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಪರಿಚಿತರ ಹತ್ತಿರ ನನಗೆ ಹೌದು ಎನ್ನುವುದೂ ಕಷ್ಟ, ಇಲ್ಲ ಎನ್ನುವುದು ಇನ್ನೂ ಕಷ್ಟ. ನೆಲದಲ್ಲಿ ಕೂತು ಸೂಜಿ ಹಿಡಿದೆ. ಅವರು ಸ್ಟೂಲಿನಲ್ಲಿ ಕೂತು ರಸ್ತೆ ನೋಡತೊಡಗಿದರು.

ಆಗಲೇ ಜೀಪು ಬಂತು.

ಚಾರ್ಮಾಡಿ ಕಡೆಯಿಂದ ಬಂದ, ಬಾಡಿಗೆಗೆ ಓಡುವ ಸರ್ವಿಸ್ ಜೀಪು ಅದು. ಅದರಿಂದ ಇಳಿದವರು ತುಕ್ರಪ್ಪ, ನೆರಿಯದ ಕೃಷಿಕರು. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ಕಂಡದ್ದು ಬಿಳಿ ಅಂಗಿ, ಬಿಳಿ ಪಂಚೆ, ಕಂಕುಳಲ್ಲಿ ಚರ್ಮದ ಬ್ಯಾಗು. ಹಿಂದೆ ಗೋಣಿಯಲ್ಲಿ ಸುತ್ತಿದ ಅವರ ಕೆಟ್ಟ ಪಂಪು. ವಾರದಿಂದ ನೀರಿಲ್ಲದೆ ಮನೆಯಲ್ಲಿ ಬೈಸಿಕೊಂಡು ಬಂದಿದ್ದರು. ಇಳಿದವರೇ ಜೋರು ಮಾಡಿದರು.

“ಯಾರಿಲ್ಲಿ ಲೋಕನಾಥ ಅಂದ್ರೆ?”

ಜೀಪು, ಅಂಗಿ, ಬ್ಯಾಗು, ಜೋರು. ಪದ್ಮಯ್ಯನವರು ಲೋಕಣ್ಣನಿಗೆ ಮೊಣಕೈಯಿಂದ ತಿವಿದರು. ಲೋಕಣ್ಣ ಮುಂದೆ ಹಾರಿ ಕೈಮುಗಿದರು. ಉಸ್ಮಾನಾಕ ಬಾಳೆಹಣ್ಣಿನ ಬನ್ಸು ತಂದರು. ಕುರ್ಚಿ ಬಂತು.

“ಅಲ್ಲ, ನಾನು...” ಎಂದರು ತುಕ್ರಪ್ಪ.

“ಮೊದಲು ಬನ್ಸು ತಗೊಳ್ಳಿ ಸರ್!”

“ಅಲ್ಲ, ಪಂಪು...” ಎಂದು ಬಾಯಿತುಂಬ ಬನ್ಸಿನೊಂದಿಗೆ ಜೀಪಿನ ಹಿಂದೆ ಬೆರಳು ತೋರಿಸಿದರು. “ಈಗಲೇ ಸರಿ ಮಾಡಿ ತೋರಿಸ್ಬೇಕು. ನಾನು ಕೂತಿರ್ತೇನೆ.”

ಲೋಕಣ್ಣನ ಮುಖ ಬಿಳಿಚಿತು. ಮಾಮನ ಕಿವಿಯಲ್ಲಿ ಹೇಳಿದ್ದು ನಮಗೆ ಇತ್ತ ಅಂಗಡಿಯವರೆಗೆ ಕೇಳಿತು. “ಶರೀಫಾಕ! ಪರೀಕ್ಷೆಗೆ ಅಂತ ಕೆಟ್ಟ ಪಂಪನ್ನೇ ಕಟ್ಟಿಕೊಂಡು ಬಂದಿದ್ದಾರೆ ಮಾರಾಯ್ರೆ!”

ಆರು ಮಕ್ಕಳೂ ಪಂಪಿನ ಮೇಲೆ ಬಿದ್ದರು. ನನ್ನ ಎದುರಿನ ಹೆಂಗಸು ಕುತ್ತಿಗೆ ಉದ್ದ ಮಾಡಿದರು.

“ಅಲ್ಲಿ ಎಂತ ನಡೀತಾ ಉಂಟು?”

“ಇಲಾಖೆಯವರು ಬಂದಿದ್ದಾರೆ ಮೇಡಂ,” ಎಂದೆ ಸೀರೆಗೆ ಹೇಳುವ ಹಾಗೆ.

“ಹೌದಾ? ಯಾವ ಇಲಾಖೆ?”

“ಮಕ್ಕಳ ಕೋರ್ಸಿನವರು.”

“ಓಹೋ. ಅವರು ಹೀಗಿರ್ತಾರಾ?” ಎಂದು ತುಕ್ರಪ್ಪರನ್ನು ಕುತೂಹಲದಿಂದ ನೋಡಿದರು. “ಈ ಕಾರ್ಖಾನೆ ಯಾವಾಗಿನಿಂದ ಉಂಟು?”

ನನಗೆ ಸುಳ್ಳು ಹೇಳಬಾರದೆಂದು ಏನೂ ಇಲ್ಲ. ಆದರೆ ಸುಳ್ಳಿಗೆ ತುಂಬಾ ಮಾತು ಬೇಕಾಗುತ್ತದೆ.

“ಇವತ್ತು ಒಂದು ದಿನಕ್ಕೆ ಮಾತ್ರ ಉಂಟು ಮೇಡಂ,” ಎಂದೆ.

ಅವರ ಸೀರೆ ಸ್ವಲ್ಪ ನಡುಗಿತು. ನಗುತ್ತಿದ್ದಾರೆಂದು ಆಗ ಗೊತ್ತಾಗಲಿಲ್ಲ, ಚಳಿಯಿರಬೇಕು ಅಂದುಕೊಂಡೆ.

“ಆ ಹುಡುಗಿ ಯಾರು, ತಲೆಯಲ್ಲಿ ಸ್ಕ್ರೂ ಡ್ರೈವರ್ ಇರುವವಳು?”

“ನನ್ನ ಮಾಮನ ಮಗಳು. ಕೋರ್ಸು ನಿಂತ್ರೆ ಅವಳಿಗೆ ಮಸ್ಕತ್ತಿನವರೊಟ್ಟಿಗೆ ಮದುವೆ.”

“ಅವಳಿಗೆ ಇಷ್ಟ ಉಂಟಾ?”

“ಅವಳಿಗೆ ಪಂಪು ಇಷ್ಟ.”

ಅಷ್ಟರಲ್ಲಿ ಹೊರಗೆ ಕೂಗು ಕೇಳಿತು. ಆಫ್ರಾ ಪಂಪಿನ ಹೊಟ್ಟೆ ಬಿಚ್ಚಿ ಒಳಗೆ ಕೈ ಹಾಕಿ ಒಂದು ಏಡಿಯನ್ನು ಎಳೆದು ತೆಗೆದಿದ್ದಳು. ಹೊಳೆಯ ಏಡಿ, ಚಕ್ರಕ್ಕೆ ಸಿಕ್ಕಿ ಅರ್ಧ ಆದದ್ದು.

“ಅಬ್ಬಾ!” ಎಂದು ಲೋಕಣ್ಣ ಎದೆ ಹಿಡಿದುಕೊಂಡರು. “ಎಂಥ ಕಷ್ಟದ ಪ್ರಶ್ನೆ ನೋಡಿ! ಒಳಗೆ ಏಡಿ ಇಟ್ಟು ತಂದಿದ್ದಾರೆ! ಪಾಠದಲ್ಲಿ ಇಲ್ಲದ್ದು ಕೇಳಿದ್ದಾರೆ!”

ತುಕ್ರಪ್ಪ ಏಡಿಯನ್ನು ನೋಡಿ ಗಾಬರಿಯಾದರು. “ಅದು ನಾನು ಇಟ್ಟದ್ದಲ್ಲ!”

“ಸರ್ ತಮಾಷೆ ಮಾಡ್ತಾರೆ,” ಎಂದರು ಪದ್ಮಯ್ಯನವರು. ಏಡಿ ಯಾರಿಗಾದರೂ ಕಚ್ಚಿರಬಹುದೆಂದು ಎಲ್ಲರ ಬೆರಳಿಗೂ ತೈಲ ಹಚ್ಚತೊಡಗಿದರು.

ಆಫ್ರಾ ಪಂಪು ಜೋಡಿಸಿ, ಉಸ್ಮಾನಾಕನ ನೀರಿನ ಡ್ರಮ್ಮಿಗೆ ಒಂದು ಪೈಪು ಬಿಟ್ಟು, ಇನ್ನೊಂದು ಪೈಪನ್ನು ಹಿಡಿಯಲು ಜನರಲ್ ಮೆನೇಜರಿಗೆ ಕೊಟ್ಟು ಸ್ವಿಚ್ಚು ಹಾಕಿದಳು. ಪಂಪು ಒಮ್ಮೆ ಕೆಮ್ಮಿತು. ಆಮೇಲೆ ವಾರದಿಂದ ಹಿಡಿದಿಟ್ಟ ಸಿಟ್ಟನ್ನೆಲ್ಲ ಒಟ್ಟಿಗೆ ಬಿಟ್ಟಿತು. ತೈಲದ ಕೈಯಲ್ಲಿ ಪೈಪು ನಿಲ್ಲಲಿಲ್ಲ. ಅದು ಹಾವಿನ ಹಾಗೆ ಎದ್ದು ಮೊದಲು ಪದ್ಮಯ್ಯನವರಿಗೆ, ಮತ್ತೆ ಇನ್ಸುಲೇಶನ್ ವಿಭಾಗಕ್ಕೆ, ಕ್ಯಾಂಟೀನಿಗೆ, ಕ್ಷೌರಕ್ಕೆ ಕೂತು ಅರ್ಧ ಗಡ್ಡ ತೆಗೆಸಿಕೊಂಡಿದ್ದವರಿಗೆ, ಕೊನೆಗೆ ನೇರ ಬ್ಯಾನರಿಗೆ ಹೊಡೆಯಿತು. ಲಂಗದ ಬಣ್ಣ ಬಿಟ್ಟಿತು. ಲೋಕನಾಥ ಇಂಡಸ್ಟ್ರೀಸ್ ಕೆಂಪಗೆ ಕರಗಿ ಜನರಲ್ ಮೆನೇಜರಿನ ತಲೆಯ ಮೇಲೆ ಹನಿಯಿತು.

“ರಕ್ತ!” ಎಂದು ಕೂಗಿ ಪದ್ಮಯ್ಯನವರು ತಮ್ಮದೇ ಪ್ರಥಮ ಚಿಕಿತ್ಸಾ ವಿಭಾಗಕ್ಕೆ ಓಡಿ ಬಾಗಿಲು ಹಾಕಿಕೊಂಡರು.

ಆದರೆ ತುಕ್ರಪ್ಪ ಕುಣಿಯುತ್ತಿದ್ದರು. “ನೀರು ಬಂತು! ನೀರು ಬಂತು ಮಾರಾಯ್ರೆ!” ಪರೀಕ್ಷೆ ಪಾಸಾಯಿತೆಂದು ಲೋಕಣ್ಣನೂ ಕುಣಿದರು. ಒಳಗೆ ಓಡಿ ನುಸಿಗುಳಿಗೆಯೊಂದಿಗೆ ಜೋಪಾನ ಮಾಡಿದ್ದ ತಮ್ಮ ಶಾಲನ್ನು ತಂದು ತುಕ್ರಪ್ಪರ ಹೆಗಲಿಗೆ ಹೊದಿಸಿದರು. ತುಕ್ರಪ್ಪ ಒಮ್ಮೆ ಹಿಂದೆ ಮುಂದೆ ನೋಡಿದರು. ಹೆಗಲಿಗೆ ಬಿದ್ದದ್ದು ಶಾಲೆಂದು ಖಚಿತವಾದ ಕೂಡಲೇ ನೆಟ್ಟಗೆ ನಿಂತು, ಗಂಟಲು ಸರಿ ಮಾಡಿ ಎರಡು ಮಾತು ಆಡಿದರು. “ಇಂಥ ಸಂಸ್ಥೆ ಊರೂರಿಗೆ ಬೇಕು. ಮಕ್ಕಳು ಕೆಲಸ ಕಲೀಬೇಕು. ನಮಸ್ಕಾರ.” ಮಿಲ್ಲಿನ ಧನಿಗಳಾಗಿದ್ದರೂ ಇಷ್ಟು ಚೆನ್ನಾಗಿ ಮಾತಾಡುತ್ತಿರಲಿಲ್ಲ. ಪಂಪು, ಶಾಲು, ಉಳಿದ ಬನ್ಸು ಸಮೇತ ಅವರು ಜೀಪು ಹತ್ತಿ ಹೋದರು.

ಜೀಪಿನ ಧೂಳು ಕೂರುವ ಮೊದಲೇ ಪ್ರಿನ್ಸಿಪಾಲರು ಓಡಿ ಬಂದರು.

“ಸರಸ ಮೇಡಂ ಎಲ್ಲಿ?”

“ಯಾವ ಮೇಡಂ ಸರ್?” ಎಂದರು ಲೋಕಣ್ಣ, ಅಂಗಿಯ ನೀರು ಹಿಂಡುತ್ತಾ. “ಇಲಾಖೆಯವರು ಆಗ ಬಂದು ಹೋದ್ರು. ಭಾರಿ ಖುಷಿಯಲ್ಲಿ ಹೋದ್ರು.”

“ಬರುವವರು ಮೇಡಂ ಮಾರಾಯ! ಆಗಲೇ ಬಸ್ಸಿನಲ್ಲಿ ಇಳಿದಿದ್ದಾರಂತೆ!”

ನನ್ನ ಕೈಯ ಸೂಜಿ ನಿಂತಿತು. ಸ್ಟೂಲಿನಲ್ಲಿದ್ದವರು ಮೆಲ್ಲನೆ ಎದ್ದು, ಅರ್ಧ ಹೊಲಿದ ಫಾಲು ಎತ್ತಿ ಹಿಡಿದು, ಸೂಜಿ ದಾರ ಜೋತಾಡಿಸಿಕೊಂಡು ಹೊರಗೆ ನಡೆದರು. ದಾರದ ಇನ್ನೊಂದು ತುದಿ ನನ್ನ ಬೆರಳಿಗೆ ಸುತ್ತಿದ್ದರಿಂದ ನಾನೂ ಹಿಂದೆ ಹೋಗಬೇಕಾಯಿತು.

“ನಾನೇ ಸರಸ,” ಎಂದರು.

ಲೋಕಣ್ಣ ಬಾಯಿ ತೆರೆದರು. ಕಾಂತಿಯಕ್ಕ ಬನ್ಸು ಹುಡುಕಿದರು, ಒಂದೂ ಉಳಿದಿರಲಿಲ್ಲ.

“ಲೋಕನಾಥರೇ, ನಿಮ್ಮಲ್ಲಿ ಕೆಲಸದವರು ಎಷ್ಟು?”

“ನಾನು, ಮತ್ತೆ...” ಲೋಕಣ್ಣ ಒಂದು ಕ್ಷಣ ಬ್ಯಾನರು ನೋಡಿದರು. ಅಲ್ಲಿ ಓದಲು ಏನೂ ಉಳಿದಿರಲಿಲ್ಲ. “ಮತ್ತೆ ನಾನು ಮೇಡಂ. ಇವರೆಲ್ಲ ಪಕ್ಕದ ಅಂಗಡಿಯವರು. ಉದ್ಯಮ ಗಿದ್ಯಮ ಎಂತದೂ ಇಲ್ಲ. ನಾನು ಫ್ಯಾನು ಸರಿ ಮಾಡ್ಲಿಕ್ಕೆ ಹೋದವನು, ನಿದ್ದೆ ಬಂತು. ನನ್ನನ್ನು ಬೇಕಾದ್ರೆ ಪೊಲೀಸಿಗೆ ಕೊಡಿ. ಮಕ್ಕಳದ್ದು ಮಾತ್ರ ನಿಲ್ಲಿಸ್ಬೇಡಿ.”

ಬೆಂಚಿನಲ್ಲಿದ್ದ ಅಜ್ಜಿ ಕೋಲು ಊರಿ ಎದ್ದರು. ನಮಗೆಲ್ಲ ಗೊತ್ತಾಯಿತು, ಈಗ ಮಸ್ಕತ್ತಿನವರಿಗೆ ಹೂಂ. ಆದರೆ ಅವರು ಮೇಡಂ ಮುಂದೆ ಬಂದು ನಿಂತು ಬೇರೆಯೇ ಹೇಳಿದರು.

“ನೋಡಿ ಅಮ್ಮ, ನನಗೆ ಈ ಕೋರ್ಸು ಇಷ್ಟವೇ ಇಲ್ಲ. ಆದ್ರೆ ಆ ಏಡಿಯನ್ನು ನಮ್ಮ ಹುಡುಗಿ ತೆಗೆದದ್ದು. ಅದನ್ನು ನೀವು ಬರ್ಕೊಳ್ಳದೆ ಹೋಗ್ಬಾರ್ದು.”

ಸರಸ ಮೇಡಂ ಮಕ್ಕಳ ಹತ್ತಿರ ಹೋಗಿ ಒಬ್ಬೊಬ್ಬರದೇ ಕೈ ಹಿಡಿದು ನೋಡಿದರು. ಗ್ರೀಸು, ತಾಮ್ರದ ಗೀರು, ಏಡಿಯ ವಾಸನೆ, ಮೇಲೆ ತೈಲ.

“ಬಂಟ್ವಾಳದಲ್ಲೂ ನೋಡಿದೆ, ಮೂಡುಬಿದಿರೆಯಲ್ಲೂ ನೋಡಿದೆ,” ಎಂದರು ಪ್ರಿನ್ಸಿಪಾಲರಿಗೆ. “ದೊಡ್ಡ ದೊಡ್ಡ ಕಾರ್ಖಾನೆ, ದೊಡ್ಡ ಗೇಟು. ಮಕ್ಕಳನ್ನು ಆಫೀಸಿನಲ್ಲಿ ಕೂರಿಸಿ ಚಾ ಕೊಟ್ಟಿದ್ರು. ಯಾರ ಅಂಗಿಯಲ್ಲೂ ಇಸ್ತ್ರಿಯ ಗೆರೆ ಹಾಳಾಗಿರ್ಲಿಲ್ಲ.”

ಆಮೇಲೆ ದಾರದ ತುದಿಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ನೀನು ಒಂದು ದಿನಕ್ಕೆ ಉಂಟು ಅಂದೆಯಲ್ಲ ಮಗಾ? ಎರಡು ವರ್ಷಕ್ಕೆ ಉಂಟು ಅಂತ ಎಲ್ಲರಿಗೂ ಹೇಳು. ಆ ಬ್ಯಾನರು ಮಾತ್ರ ಬೇಡ.”

ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ಆಫ್ರಾ ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿತ್ತು.

“ಶಾಲು! ಮೇಡಂಗೆ ಶಾಲು!” ಎಂದರು ಪ್ರಿನ್ಸಿಪಾಲರು. ಶಾಲು ಆಗಲೇ ಮುಂಡಾಜೆಯ ದಾರಿ ಹಿಡಿದಿತ್ತು. ಲೋಕಣ್ಣ ಸಂತೋಷದಲ್ಲಿ ಕಣ್ಣು ಕಾಣದೆ ನಮ್ಮ ಅಂಗಡಿಗೆ ನುಗ್ಗಿ, ಮೇಜಿನ ಮೇಲಿದ್ದ ಹಸಿರು ಹೊಳೆಯುವುದನ್ನು ಎತ್ತಿ ತಂದು ಮೇಡಂ ಹೆಗಲಿಗೆ ಹೊದಿಸಿಯೇಬಿಟ್ಟರು. ಉಂಗುರಗಳು ಠಣಠಣ ಎಂದವು.

“ಅದು ನಮ್ಮ ಮನೆಯ...” ಎಂದು ಪ್ರಿನ್ಸಿಪಾಲರು ಬಾಯಿ ತೆರೆದರು, ಮತ್ತೆ ಮುಚ್ಚಿದರು. ಊರಿನ ಕ್ರಮ ಅವರಿಗೂ ಗೊತ್ತಿತ್ತು. ಮೇಡಂ ಬಾಗಿಲ ಪರದೆ ಹೊದ್ದು, ಗೆಜ್ಜೆ ಕಟ್ಟಿದವರ ಹಾಗೆ ಸದ್ದು ಮಾಡುತ್ತಾ ಮಂಗಳೂರಿನ ಬಸ್ಸು ಹತ್ತಿದರು. ಪ್ರಿನ್ಸಿಪಾಲರ ಮನೆಯ ಬಾಗಿಲು ಆ ಮಳೆಗಾಲ ಪೂರ್ತಿ ಪರದೆ ಇಲ್ಲದೆ ಇತ್ತು. ಅಜ್ಜಿ ಅಂದೇ ಸಂಜೆ ಮಸ್ಕತ್ತಿನವರಿಗೆ ಹೇಳಿ ಕಳಿಸಿದರು, ನಮ್ಮ ಹುಡುಗಿಗೆ ಎರಡು ವರ್ಷ ಪುರುಸೊತ್ತಿಲ್ಲ ಎಂದು.

ಸ್ವಲ್ಪ ದಿನ ಕಳೆದು ಒಂದು ಬೆಳಿಗ್ಗೆ ಕಾಂತಿಯಕ್ಕ ಪತ್ರಿಕೆ ಹಿಡಿದು ರಸ್ತೆ ದಾಟಿ ಬಂದರು. ಚಾರ್ಮಾಡಿ ಕಡೆಯ ಯಾವುದೋ ಶಾಲೆಯ ವಾರ್ಷಿಕೋತ್ಸವದ ಫೋಟೋ. ವೇದಿಕೆಯ ನಡುವೆ, ಹೆಗಲ ಮೇಲೆ ಶಾಲು ಹಾಕಿಕೊಂಡು ಕೂತಿದ್ದರು ಮುಖ್ಯ ಅತಿಥಿ, ಶಿಕ್ಷಣ ಚಿಂತಕ ತುಕ್ರಪ್ಪ.

ಲೋಕಣ್ಣ ಫೋಟೋವನ್ನು ತುಂಬಾ ಹೊತ್ತು ನೋಡಿದರು. “ಅದು ನನ್ನ ಶಾಲು,” ಎಂದರು.

“ಬೇಸರ ಮಾಡ್ಬೇಡಿ,” ಎಂದರು ಕಾಂತಿಯಕ್ಕ. “ಎಲ್ಲಿಯಾದ್ರೂ ಒಂದು ಫ್ಯಾನು ನಿಲ್ತದೆ.”

ಮರುದಿನವೇ ಮುಂಡಾಜೆಯಿಂದ ಫೋನು ಬಂತು. ಸಭೆಯೊಂದು ಶುರುವಾಗಲಿಕ್ಕಿದೆ, ವೇದಿಕೆಯ ಫ್ಯಾನು ತಿರುಗುತ್ತಿಲ್ಲ. ಲೋಕಣ್ಣ ಮನೆಗೆ ಹೋಗಿ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ತಲೆ ಬಾಚಿ ಬಂದರು.

“ಆಫ್ರಾ, ಹೊರಡು, ಹೋಗುವ,” ಎಂದರು. “ಏಣಿ ನೀನು ಹತ್ತು. ಕುರ್ಚಿ ನಾನು ನೋಡಿಕೊಳ್ತೇನೆ.”